ಬಿರುಕು: ಒಳಗಿನಿಂದ ತೆರೆದುಕೊಳ್ಳುವ ಪದ



ಹೊರನಾಡಿನ ಕನ್ನಡ ಸಮ್ಮೇಳನದ ಪ್ರಧಾನ ಭಾಷಣ ಎಂದರೆ ಭಾಷೆಯ ಎರಡು ಸಾವಿರ ವರ್ಷಗಳ ಚರಿತ್ರೆಯಿಂದ ಶುರುವಾಗಬೇಕು ಎಂಬ ವಾಡಿಕೆ ಇದೆ. ನಾನು ಅಷ್ಟು ದೂರ ಹೋಗುವುದಿಲ್ಲ. ಒಂದೇ ಒಂದು ಪದ ಹಿಡಿದುಕೊಂಡು ಬಂದಿದ್ದೇನೆ. ಆ ಪದ ‘ಬಿರುಕು’. ನಮ್ಮಲ್ಲಿ ಅನೇಕರು ದಿನಕ್ಕೊಮ್ಮೆಯಾದರೂ ಈ ಪದ ಬಳಸುತ್ತೇವೆ. ಗಾರೆ ಕೆಲಸದವರು, ಸೆಂಟ್ರಿಂಗ್‌ನವರು, ಪೈಪ್‌ಲೈನಿನವರು, ವೆಲ್ಡಿಂಗ್‌ನವರು ಇದನ್ನು ಬಿಟ್ಟು ಕೆಲಸ ಮಾಡುವಂತೆಯೇ ಇಲ್ಲ.

ಈ ಪದ ನನ್ನ ತಲೆಗೆ ಹತ್ತಿದ್ದು ಮಕ್ಕಳ ಕನ್ನಡ ಪಾಠದಲ್ಲಿ. ‘ಮಲ್ಲಿಗೆ ಮೊಗ್ಗು ಬಿರಿಯಿತು’ ಎಂಬ ವಾಕ್ಯ ಬಂತು. ಎಂಟು ವರ್ಷದ ಹುಡುಗನೊಬ್ಬ ಕೈ ಎತ್ತಿ, ‘ಪಾಪ, ಹೂವಿಗೆ ಬಿರುಕು ಬಿತ್ತಾ?’ ಎಂದು ಕೇಳಿದ. ಉಳಿದ ಮಕ್ಕಳು ನಕ್ಕರು. ಅವನ ಅಪ್ಪ ಕಟ್ಟಡದ ಕೆಲಸದಲ್ಲಿದ್ದಾರೆ. ಮನೆಯಲ್ಲಿ ಬಿರುಕಿನ ಮಾತು ಕೇಳಿ ಕೇಳಿ ಅವನಿಗೆ ಆ ಪದ ಗೊತ್ತು. ಬಿರಿಯುವ ಮಲ್ಲಿಗೆಯನ್ನು ಅವನು ನೋಡಿಲ್ಲ. ಆದರೆ ಯೋಚಿಸಿ ನೋಡಿದರೆ, ತರಗತಿಯಲ್ಲಿದ್ದ ನಮ್ಮೆಲ್ಲರಿಗಿಂತ ಅವನೇ ಆ ಪದದ ಬೇರಿಗೆ ಹತ್ತಿರ ಹೋಗಿದ್ದ.

ಯಾಕೆಂದರೆ ಮೊಗ್ಗು ಬಿರಿಯುವುದೂ ಗೋಡೆ ಬಿರುಕು ಬಿಡುವುದೂ ಒಂದೇ ಧಾತುವಿನ ಮಾತು. ಆ ಧಾತು ‘ಬಿರಿ’. ಅದರ ಬಳಕೆಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಮೊಗ್ಗು ಬಿರಿಯುತ್ತದೆ. ಹತ್ತಿಕಾಯಿ ಬಿರಿಯುತ್ತದೆ. ಹಲಸಿನ ಹಣ್ಣು ಹೆಚ್ಚು ಮಾಗಿದರೆ ಮರದಲ್ಲೇ ಬಿರಿಯುತ್ತದೆ. ಬೇಸಿಗೆಯಲ್ಲಿ ಕೆರೆಯಂಗಳ ಬಿರಿಯುತ್ತದೆ. ಹೊಟ್ಟೆ ಬಿರಿಯುವಂತೆ ಉಣ್ಣುತ್ತೇವೆ, ಹೊಟ್ಟೆ ಬಿರಿಯುವಂತೆ ನಗುತ್ತೇವೆ. ದುಃಖ ತಡೆಯಲಾಗದಿದ್ದರೆ ಎದೆ ಬಿರಿಯಿತು ಎನ್ನುತ್ತೇವೆ. ಇವಿಷ್ಟರಲ್ಲೂ ಸಮಾನವಾದದ್ದು ಒಂದು: ಒಳಗೆ ಏನೋ ಹಿಗ್ಗುತ್ತದೆ ಅಥವಾ ಜಗ್ಗುತ್ತದೆ, ಹೊರಗಿನ ಹೊದಿಕೆ ಅದನ್ನು ತಡೆದುಕೊಳ್ಳಲಾರದೆ ತೆರೆದುಕೊಳ್ಳುತ್ತದೆ. ಹೊರಗಿನಿಂದ ಯಾರೂ ಕೊಡಲಿ ಹಾಕಿಲ್ಲ, ಸುತ್ತಿಗೆ ಬೀಸಿಲ್ಲ.

‘ಬಿರಿ’ಗೆ ‘ಕು’ ಸೇರಿ ‘ಬಿರುಕು’ ಆಗಿದೆ. ಈ ‘ಕು’ ಕ್ರಿಯಾಪದದಿಂದ ನಾಮಪದ ಮಾಡುವ ಹಳೆಯ ಪ್ರತ್ಯಯ. ಮುರಿ, ಮುರುಕು. ಹರಿ, ಹರುಕು. ಒಡೆ, ಒಡಕು. ಕೊಳೆ, ಕೊಳಕು. ಕೆಡು, ಕೆಡುಕು. ನಮ್ಮ ಅರಬ್ಬಿಯನ್ನು ನಾವೇ ‘ಹರುಕುಮುರುಕು ಅರಬ್ಬಿ’ ಎಂದು ಹೇಳಿಕೊಳ್ಳುವಾಗ ಈ ಪ್ರತ್ಯಯವನ್ನು ಎರಡು ಸಲ ಬಳಸಿರುತ್ತೇವೆ. ಪಟ್ಟಿಯನ್ನು ನೋಡಿದರೆ ‘ಕು’ ಸೇರಿದ ಪದಗಳಲ್ಲಿ ಬಹಳಷ್ಟು ಹಾಳಾದದ್ದನ್ನೇ ಹೇಳುತ್ತವೆ. ಬಿರಿಯುವ ಕೆಲಸದಲ್ಲಿ ಹೂವೂ ಇದೆ, ನೆಲವೂ ಇದೆ. ಆದರೆ ‘ಬಿರುಕು’ ಎಂದಾಗ ಹೂವು ಬಿಟ್ಟುಹೋಗಿ ನೆಲ, ಗೋಡೆ, ಹಿಮ್ಮಡಿ ಮಾತ್ರ ಉಳಿಯುತ್ತವೆ. ಆ ಹುಡುಗನಿಗೆ ಸಿಕ್ಕಿದ್ದು ಈ ಅರ್ಧ ಮಾತ್ರ.

ಇನ್ನೊಂದು ಸಣ್ಣ ವಿಷಯ. ಗೋಡೆಗೆ ಬಿರುಕು ಬಂತು, ಬಿರುಕು ಬಿತ್ತು ಎನ್ನುವಂತೆಯೇ ಗೋಡೆ ಬಿರುಕು ‘ಬಿಟ್ಟಿತು’ ಎಂದೂ ಹೇಳುತ್ತೇವೆ. ಮರ ಹೂ ಬಿಟ್ಟಿತು, ಬಳ್ಳಿ ಕಾಯಿ ಬಿಟ್ಟಿತು, ಸಸಿ ಬೇರು ಬಿಟ್ಟಿತು ಎನ್ನುವ ಅದೇ ‘ಬಿಡು’. ಒಳಗಿದ್ದದ್ದು ಹೊರಗೆ ಬಂತು ಎಂಬ ತಿಳಿವಳಿಕೆ ವ್ಯಾಕರಣದಲ್ಲೇ ಕುಳಿತಿದೆ.

ಈಗ ಈ ಪದದ ನೆಂಟರಿಷ್ಟರನ್ನು ನೋಡೋಣ. ಅವರನ್ನು ಹುಡುಕಲು ನಾವು ಗ್ರಂಥಾಲಯಕ್ಕೆ ಹೋಗಬೇಕಾಗಿಲ್ಲ. ನಮ್ಮ ರೂಮಿನಲ್ಲೇ, ನಮ್ಮ ಕೆಲಸದ ಬಸ್ಸಿನಲ್ಲೇ ಇದ್ದಾರೆ. ತಮಿಳಿನ ಗೆಳೆಯರನ್ನು ಕೇಳಿ, ಗೋಡೆಯ ಬಿರುಕಿಗೆ ಅವರು ‘ವಿರಿಸಲ್’ ಎನ್ನುತ್ತಾರೆ. ಮಲಯಾಳದಲ್ಲಿ ಹೂ ಅರಳಿದರೆ ‘ವಿರಿಞ್ಞು’, ಮೊಟ್ಟೆ ಒಡೆದು ಮರಿ ಹೊರಬಂದರೂ ‘ವಿರಿಞ್ಞು’. ಹಾಸಿಗೆಯ ಮೇಲೆ ಹರಡುವ ಬಟ್ಟೆ ಅವರಿಗೆ ‘ಕಿಡಕ್ಕವಿರಿ’. ತೆಲುಗಿನಲ್ಲಿ ‘ವಿರಿ’ ಎಂದರೆ ಹೂವು, ‘ವಿರುಗು’ ಎಂದರೆ ಮುರಿ. ಅವರ ‘ವಿ’ ನಮ್ಮಲ್ಲಿ ‘ಬಿ’ ಆಗಿದೆ. ಇದು ಒಂದು ಪದದ ಆಕಸ್ಮಿಕವಲ್ಲ. ಅವರ ವೇರ್ ನಮ್ಮ ಬೇರು, ಅವರ ವಿರಲ್ ನಮ್ಮ ಬೆರಳು, ಅವರ ವಿಲ್ ನಮ್ಮ ಬಿಲ್ಲು, ಅವರ ವಾ ನಮ್ಮ ಬಾ. ತುಳುವೂ ಈ ವಿಷಯದಲ್ಲಿ ಕನ್ನಡದ ಕಡೆಯೇ ನಿಲ್ಲುತ್ತದೆ.

ಕಿಟ್ಟೆಲ್ ಅವರ ಕನ್ನಡ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ 1894ರಲ್ಲಿ ಬಂತು. ಬರೋ ಮತ್ತು ಎಮೆನೊ ಎಂಬ ಇಬ್ಬರು ವಿದ್ವಾಂಸರು ದ್ರಾವಿಡ ಭಾಷೆಗಳ ಪದಗಳನ್ನು ಕುಲವಾರು ಗುಂಪು ಮಾಡಿ 1961ರಲ್ಲಿ ಒಂದು ಕೋಶ ತಂದರು. ಅದರ ಎರಡನೆಯ ಆವೃತ್ತಿ 1984ರದು. ನಾನು ಈಗ ಹೇಳಿದ ನೆಂಟಸ್ತಿಕೆಯನ್ನು ಇಂಥ ಕೋಶಗಳ ನೆರವಿನಿಂದ ಯಾರು ಬೇಕಾದರೂ ಹಿಂಬಾಲಿಸಬಹುದು. ಹರಡು, ಅರಳು, ತೆರೆ, ಸೀಳಿಹೋಗು ಎಂಬ ಅರ್ಥಗಳೆಲ್ಲ ಒಂದೇ ಕುಟುಂಬದ ಮಕ್ಕಳು ಎಂಬುದು ಅಲ್ಲಿ ಕಾಣುತ್ತದೆ.

ನೆಂಟರಲ್ಲದವರನ್ನೂ ಗುರುತಿಸಿಕೊಳ್ಳಬೇಕು. ಬಿರುಬಿಸಿಲಿನಿಂದ ಬಿರುಕು ಬರುತ್ತದೆ, ಆದ್ದರಿಂದ ಎರಡೂ ಒಂದೇ ಎಂದು ಕೆಲವರು ಹೇಳುವುದುಂಟು. ಬಿರುಬಿಸಿಲು, ಬಿರುಗಾಳಿ, ಬಿರುನುಡಿಗಳಲ್ಲಿರುವ ‘ಬಿರು’ ಬೇರೆ ಪದ. ಅದರ ಅರ್ಥ ಗಡಸು, ಉಗ್ರ. ಇನ್ನೊಬ್ಬ ಗೆಳೆಯರು ಊಟದ ಮೇಜಿನಲ್ಲಿ, ಅಕ್ಕಿ ಬಿರಿದರೇ ಬಿರಿಯಾನಿ ಎಂದು ವಾದ ಮಾಡಿದರು. ವಾದ ರುಚಿಯಾಗಿತ್ತು. ಆದರೆ ಬಿರಿಯಾನಿ ಪಾರಸಿಯಿಂದ ಬಂದದ್ದು. ಅಲ್ಲಿ ‘ಬಿರ್ಯಾನ್’ ಎಂದರೆ ಹುರಿದದ್ದು. ಶಬ್ದ ಹೋಲಿದ ಮಾತ್ರಕ್ಕೆ ಸಂಬಂಧ ಆಗುವುದಿಲ್ಲ.

ಇನ್ನು ಬಿರುಕಿನ ಅಕ್ಕಪಕ್ಕದ ಮನೆಯವರು. ‘ಸೀಳು’ ಎಂದರೆ ಎಳೆಗುಂಟ ಎರಡಾಗುವುದು ಅಥವಾ ಎರಡು ಮಾಡುವುದು. ಸೌದೆ ಸೀಳುತ್ತೇವೆ, ಬಿದಿರು ಸೀಳುತ್ತೇವೆ. ಸೀಳಲು ಸಾಮಾನ್ಯವಾಗಿ ಒಬ್ಬ ಕರ್ತೃ ಬೇಕು, ಒಂದು ಕೊಡಲಿ ಬೇಕು. ‘ಒಡಕು’ ಎಂದರೆ ಏಟು ಬಿದ್ದೋ ಕೈಜಾರಿಯೋ ಇಡಿಯಾದದ್ದು ಇಡಿಯಾಗಿ ಉಳಿಯದೆ ಹೋದದ್ದು. ಮುತ್ತು ಒಡೆದರೆ ಹೋಯಿತು ಎನ್ನುತ್ತೇವೆಯೇ ಹೊರತು ಮುತ್ತು ಬಿರಿದರೆ ಹೋಯಿತು ಎನ್ನುವುದಿಲ್ಲ. ‘ಸಂದು’, ‘ಸಂದಿ’ ಎಂಬುವು ಸಂಸ್ಕೃತದ ‘ಸಂಧಿ’ಯಿಂದ ಬಂದವು. ಎರಡು ವಸ್ತುಗಳು ಕೂಡುವ ಜಾಗದಲ್ಲಿ ಉಳಿಯುವ ತೆರಪು ಅದು. ಅಂದರೆ ಸಂದು ಹುಟ್ಟುವುದು ಕೂಡಿಕೆಯಿಂದ. ‘ಇರುಕು’ ಎಂದರೆ ಅಮುಕು, ಒತ್ತು; ಕಿರಿದಾದ ಜಾಗ ಎಂಬ ಅರ್ಥವೂ ಅದಕ್ಕುಂಟು; ಪ್ರಾಸ ಕೂಡಿದರೂ ಬಿರುಕಿಗೂ ಅದಕ್ಕೂ ಸಂಬಂಧವಿಲ್ಲ. ‘ಕಿಂಡಿ’ ಎಂದರೆ ನೋಡಲು, ಗಾಳಿಗೆ, ನೀರಿಗೆ ಬಿಟ್ಟ ತೂತು. ನಮ್ಮ ಕರಾವಳಿಯ ಕಿಂಡಿ ಅಣೆಕಟ್ಟು ಎಲ್ಲರಿಗೂ ಗೊತ್ತು.

ಇಷ್ಟೊಂದು ಪದ ಏಕೆ ಬೇಕು, ‘ಕ್ರ್ಯಾಕ್’ ಎಂದರೆ ಸಾಲದೇ ಎಂದು ಕೇಳಬಹುದು. ಕೆಲಸದ ಜಾಗಕ್ಕೆ ಹೋಗಿಯೇ ಇದಕ್ಕೆ ಉತ್ತರ ಹುಡುಕೋಣ.

ಕುವೈತಿನ ಮಿತ್ರಿಬಾ ಎಂಬಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಯಿತು. ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದು ಎಂಬ ನಿಯಮ ಇಲ್ಲಿರುವುದು ನಿಮಗೆಲ್ಲ ಗೊತ್ತು. ಮನುಷ್ಯನ ಚರ್ಮಕ್ಕೆ ಆಗುವುದು ಹಸಿ ಕಾಂಕ್ರೀಟಿಗೂ ಆಗುತ್ತದೆ. ಹಾಕಿದ ಕಾಂಕ್ರೀಟಿನ ಮೇಲ್ಮೈಗೆ ಒಳಗಿನಿಂದ ನೀರು ಏರುತ್ತಿರುತ್ತದೆ. ಏರುವುದಕ್ಕಿಂತ ಬೇಗ ಅದು ಆರಿಹೋದರೆ ಮೇಲ್ಪದರ ಕುಗ್ಗತೊಡಗುತ್ತದೆ, ಕೆಳಗಿನ ಪದರ ಬಿಡುವುದಿಲ್ಲ. ಆ ಜಗ್ಗಾಟದಲ್ಲಿ ಮೈ ಬಿರಿಯುತ್ತದೆ. ಒಂದು ಚದರ ಮೀಟರಿನಿಂದ ಗಂಟೆಗೆ ಸುಮಾರು 1 ಕಿಲೋ ನೀರು ಆರತೊಡಗಿತೆಂದರೆ ಎಚ್ಚರ ಎಂದು ಕಾಂಕ್ರೀಟ್ ತಜ್ಞರು ಹೇಳುತ್ತಾರೆ. ಬೇಸಿಗೆಯಲ್ಲಿ ರಾತ್ರಿ ಕಾಂಕ್ರೀಟ್ ಹಾಕುವುದು, ಒದ್ದೆ ಗೋಣಿ ಹೊದಿಸುವುದು, ದಿನಗಟ್ಟಲೆ ನೀರುಣಿಸುವುದು ಇದಕ್ಕೇ. ಅದು ಮೇಲಿನವರ ಕಿರಿಕಿರಿಯಲ್ಲ, ಬಿರಿಯದಂತೆ ಕಾಯುವ ಕೆಲಸ.

ಸಮುದ್ರದ ಬದಿಯ ಕಟ್ಟಡಗಳಲ್ಲಿ ಇನ್ನೊಂದು ಬಗೆ. ಉಪ್ಪು ಸಣ್ಣ ಸಂದುಗಳಿಂದ ಒಳಗಿಳಿದು ಕಬ್ಬಿಣದ ಸರಳನ್ನು ಮುಟ್ಟುತ್ತದೆ. ಸರಳು ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಕೆಲವು ಪಟ್ಟು ಹೆಚ್ಚು ಜಾಗ ಬೇಕು. ಅದು ಒಳಗಿನಿಂದ ಒತ್ತುತ್ತದೆ, ಕಾಂಕ್ರೀಟ್ ಸರಳಿನಗುಂಟ ಬಿರಿಯುತ್ತದೆ, ಕೆಂಪು ಕಲೆ ಹೊರಗೆ ಕಾಣುತ್ತದೆ. ಇಲ್ಲಿ ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆದರೆ ಏನೂ ಆಗದು. ‘ಬಿರುಕು’ ಎಂಬ ಪದ ಅರ್ಥವಾದವನಿಗೆ ಇದನ್ನು ವಿವರಿಸಬೇಕಿಲ್ಲ. ಕಾರಣ ಒಳಗಿದೆ ಎಂದು ಪದವೇ ಹೇಳುತ್ತದೆ.

ಎಲ್ಲ ಬಿರುಕೂ ಅಪಾಯವಲ್ಲ. ಗಾರೆಯ ಮೇಲೆ ಬಲೆಯಂತೆ ಹರಡಿದ ಕೂದಲೆಳೆ ಬಿರುಕುಗಳು ಹೆಚ್ಚಾಗಿ ಮೇಲ್ಮೈಯವು. ಭಾರತದ ಕಾಂಕ್ರೀಟ್ ಸಂಹಿತೆ, ಐಎಸ್ 456, ತನ್ನ 2000ದ ಆವೃತ್ತಿಯಲ್ಲಿ ಸಾಮಾನ್ಯ ಸ್ಥಿತಿಯಲ್ಲಿ 0.3 ಮಿಲಿಮೀಟರ್ ಅಗಲದವರೆಗಿನ ಬಿರುಕನ್ನು ಒಪ್ಪುತ್ತದೆ. ಸದಾ ತೇವವಿರುವ ಕಡೆ 0.2, ತೀರಾ ಕಠಿಣ ವಾತಾವರಣದಲ್ಲಿ 0.1. ಕೇಳಬೇಕಾದ ಪ್ರಶ್ನೆ ಬಿರುಕು ಇದೆಯೇ ಎಂಬುದಷ್ಟೇ ಅಲ್ಲ, ಅದು ಬೆಳೆಯುತ್ತಿದೆಯೇ ಎಂಬುದು. ಅದಕ್ಕೆ ಯಂತ್ರವೂ ಬೇಡ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿ, ಪಕ್ಕದಲ್ಲಿ ತಾರೀಕು ಬರೆಯಿರಿ. ವಾರ ಬಿಟ್ಟು ನೋಡಿ. ಗೆರೆ ದಾಟಿದ್ದರೆ ಒಳಗಿನ ಜಗ್ಗಾಟ ಮುಗಿದಿಲ್ಲ ಎಂದರ್ಥ, ಇಂಜಿನಿಯರಿಗೆ ಹೇಳಲೇಬೇಕು.

ಆದರೆ ಒಂದು ಬಿರುಕಿಗೆ ವಾರ ಕಾಯಬಾರದು, ನಿಮಿಷವೂ ಕಾಯಬಾರದು. ಪೈಪ್‌ಲೈನಿಗೋ ಪಾಯಕ್ಕೋ ತೋಡಿದ ಕಂದಕದ ಅಂಚಿನಲ್ಲಿ, ಅಂಚಿಗೆ ಸಮಾನಾಂತರವಾಗಿ, ನೆಲದ ಮೇಲೆ ಗೆರೆಯಂತೆ ಕಾಣುವ ಬಿರುಕು ಅದು. ಆ ಕಡೆಯ ಮಣ್ಣು ಈಗಾಗಲೇ ಹಿಂದಿನ ನೆಲದಿಂದ ಬಿಡಿಸಿಕೊಂಡು ಕಂದಕದೊಳಕ್ಕೆ ಜಾರಲು ಸಿದ್ಧವಾಗಿದೆ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗಬಹುದು. ಎದೆವರೆಗೆ ಹೂತುಹೋದರೂ ಉಸಿರಾಡಲಾಗದು. ಅಲ್ಲಿ ಕೆಳಗಿಳಿದವನು ನಮ್ಮ ಭಾಷೆಯವನೇ ಆಗಿರಬೇಕೆಂದಿಲ್ಲ. ಆದ್ದರಿಂದ ಇವತ್ತು ಈ ಐದು ಪದಗಳನ್ನೂ ಬಾಯಿಪಾಠ ಮಾಡಿಕೊಂಡು ಹೋಗಿ: ಹಿಂದಿಯವರಿಗೆ ‘ದರಾರ್’, ಬಂಗಾಳಿಯವರಿಗೆ ‘ಫಾಟಲ್’, ಮಲಯಾಳದವರಿಗೆ ‘ವಿಳ್ಳಲ್’, ತಮಿಳಿನವರಿಗೆ ‘ವಿರಿಸಲ್’, ಅರಬ್ಬರಿಗೆ ‘ಶಕ್’. ಹೇಳಿದರೆ ಫೋರ್‌ಮನ್ ಬೈಯುತ್ತಾನೇನೋ, ಕೆಲಸ ನಿಂತರೆ ನನ್ನ ಮೇಲೆ ಬರುತ್ತದೇನೋ ಎಂಬ ಅಳುಕು ನಮ್ಮ ಹುಡುಗರಲ್ಲಿ ಇರುತ್ತದೆ. ಬೈಸಿಕೊಂಡು ರೂಮಿಗೆ ಮರಳಬಹುದು. ಮಣ್ಣಿನಡಿ ಸಿಕ್ಕವನು ಮರಳಲಾರ.

ಅರಬ್ಬಿಯ ಪದ ಹೇಳಿದೆನಲ್ಲ, ಅದರ ಸಂಸಾರವೂ ಸ್ವಾರಸ್ಯದ್ದು. ‘ಶಕ್’ ಎಂದರೆ ಸೀಳು, ಬಿರುಕು. ಅದೇ ಧಾತುವಿನಿಂದ ‘ಶಕ್ಕಾ’ ಬಂದಿದೆ: ನಾವು ಬಾಡಿಗೆಗೆ ಹಿಡಿಯುವ ಫ್ಲ್ಯಾಟು. ಇಲ್ಲಿನ ಆಡುಮಾತಿನಲ್ಲಿ ಅದರ ಕಕಾರ ಗಕಾರಕ್ಕೆ ಹೊರಳಿ ಕೇಳಿಸುತ್ತದೆ. ಇಡಿಯಿಂದ ಭಾಗವಾದದ್ದು ಎಂಬ ಅರ್ಥ ಅದರೊಳಗಿದೆ. ಒಡಹುಟ್ಟಿದವನಿಗೆ ‘ಶಕೀಕ್’ ಎನ್ನುವುದೂ ಅದೇ ಧಾತುವಿನಿಂದ. ಒಂದರಿಂದಲೇ ಬೇರೆಯಾದ ಇನ್ನೊಂದು ಪಾಲು ಅವನು.

ಇದೇ ನೆಲದಲ್ಲಿ ಬಿರುಕನ್ನು ಹುಡುಕಿಕೊಂಡು ಹೋಗುವವರೂ ಇದ್ದಾರೆ. ಮಳೆ ಹದವಾಗಿ ಬಿದ್ದ ವರ್ಷ, ಚಳಿಗಾಲದ ಕೊನೆಗೆ ಕುವೈತಿಗಳು ಮರುಭೂಮಿಯಲ್ಲಿ ‘ಫಗಾ’ ಎಂಬ ನೆಲದಡಿಯ ಅಣಬೆಯನ್ನು ಅರಸುತ್ತಾರೆ. ಮೇಲೆ ಎಲೆಯಿಲ್ಲ, ಕಾಂಡವಿಲ್ಲ. ಗುರುತು ಒಂದೇ: ಅಣಬೆ ಒಳಗೆ ದಪ್ಪವಾದಂತೆ ನೆಲ ಸ್ವಲ್ಪ ಉಬ್ಬಿ, ಸಣ್ಣ ಬಿರುಕು ಬಿಡುತ್ತದೆ. ಅನುಭವಿಗಳ ಕಣ್ಣು ಆ ಬಿರುಕನ್ನೇ ಹುಡುಕುತ್ತದೆ. ನಮ್ಮ ವಿಜಯಪುರ, ಗದಗ, ರಾಯಚೂರು ಕಡೆಯ ಎರೆಭೂಮಿಯವರಿಗೆ ಇದು ಹೊಸದಲ್ಲ. ಎರೆಮಣ್ಣಿನ ಜೇಡಿ ನೀರು ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಅಗಲದ ಬಿರುಕುಗಳು. ಮೇಲಿನ ಪುಡಿಮಣ್ಣು ಒಳಗೆ ಉದುರುತ್ತದೆ, ಮೊದಲ ಮಳೆ ಆಳಕ್ಕೆ ಇಳಿಯುತ್ತದೆ. ಎರೆಮಣ್ಣು ತನ್ನನ್ನು ತಾನೇ ಉಳುತ್ತದೆ ಎಂಬ ಮಾತು ಹುಟ್ಟಿದ್ದು ಹಾಗೆ. ಅದೇ ಮಣ್ಣಿನ ಮೇಲೆ ಕಟ್ಟಿದ ಮನೆಯ ಗೋಡೆಗೆ ಮಾತ್ರ ಅದು ಶತ್ರು. ಬಿರುಕು ಒಳ್ಳೆಯದೋ ಕೆಟ್ಟದ್ದೋ ಎಂಬುದು ಬಿರುಕನ್ನಷ್ಟೇ ನೋಡಿದರೆ ತಿಳಿಯದು. ಒಳಗೆ ಏನು ಒತ್ತುತ್ತಿದೆ ಎಂದು ನೋಡಬೇಕು.

ಮನುಷ್ಯರ ಮಾತಿಗೂ ಇದು ಹೊಂದುತ್ತದೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಊರಿಗೆ ಹೋಗುವ ನಮ್ಮ ಬದುಕಿನಲ್ಲಿ, ಸಂಬಂಧದಲ್ಲಿ ಬಿರುಕು ಬಂತು ಎಂಬ ಮಾತು ಆಗಾಗ ಕೇಳುತ್ತೇವೆ. ಹೊರಗಿನವರು ಯಾರೋ ಒಡೆದರು ಎಂದು ಹುಡುಕುತ್ತೇವೆ. ಪದ ಹೇಳುವುದು ಬೇರೆ: ಒಳಗೆ ಬಹಳ ದಿನದಿಂದ ಒತ್ತಿದ್ದು ಈಗ ಹೊರಗೆ ಕಂಡಿದೆ, ಅಷ್ಟೆ. ಉದ್ದದ ಕಟ್ಟಡ ಕಟ್ಟುವವರು ನಡುನಡುವೆ ಬೇಕೆಂದೇ ಒಂದೊಂದು ಸಂದು ಬಿಡುತ್ತಾರೆ. ಬಿಸಿಲಿಗೆ ಹಿಗ್ಗಿದಾಗ ಕಾಂಕ್ರೀಟಿಗೆ ಜಾಗ ಬೇಕು. ಸಂದು ಬಿಡದಿದ್ದರೆ ಅದು ತನಗೆ ಬೇಕಾದ ಕಡೆ ಬಿರುಕು ಮಾಡಿಕೊಳ್ಳುತ್ತದೆ. ಸಾಲದ ಕಂತು, ತಾಯಿಯ ಕಾಯಿಲೆ, ಸಿಗದ ಸಂಬಳ, ನಿದ್ದೆ ಬಾರದ ರಾತ್ರಿ, ಇವನ್ನು ರೂಮಿನ ಗೆಳೆಯನ ಮುಂದೆಯೋ ಮನೆಯವರ ಮುಂದೆಯೋ ಹೇಳಿಕೊಳ್ಳಲು ನಾವು ಒಂದು ಸಂದು ಬಿಟ್ಟುಕೊಂಡಿರಬೇಕು. ಇಂಥ ಕನ್ನಡ ಕೂಟಗಳು ಹಾಡು, ಕುಣಿತ, ಊಟಕ್ಕಷ್ಟೇ ಇರುವುದಲ್ಲ. ಆ ಸಂದಾಗಿಯೂ ಇರಬೇಕು ಎಂಬುದು ನನ್ನ ಕೋರಿಕೆ.

ಉಡುಪಿಯ ಕಡೆಯವರು ಇಲ್ಲಿ ಬಹಳ ಮಂದಿ ಇದ್ದೀರಿ. ಕನಕದಾಸರ ಐತಿಹ್ಯ ನಿಮಗೆ ನಾನು ಹೇಳಬೇಕಿಲ್ಲ. ಒಳಗೆ ಬಿಡದಿದ್ದಾಗ ಅವರು ಗುಡಿಯ ಹಿಂದೆ ನಿಂತು ಕರೆದರು. ಗೋಡೆ ಬಿರಿಯಿತು, ಕೃಷ್ಣ ಪಡುವಣಕ್ಕೆ ತಿರುಗಿದ ಎಂಬುದು ನಂಬಿಕೆ. ಆ ಜಾಗಕ್ಕೆ ಯಾರೂ ‘ಕನಕನ ಬಿರುಕು’ ಎನ್ನಲಿಲ್ಲ. ಅದು ಕನಕನ ಕಿಂಡಿ ಆಯಿತು. ಬಿರಿದ ಗೋಡೆಯನ್ನು ಮುಚ್ಚಿ ಮೊದಲಿನಂತೆ ಮಾಡಬಹುದಿತ್ತು. ಜನ ಅದನ್ನು ನೋಡುವ ಜಾಗವಾಗಿ ಉಳಿಸಿಕೊಂಡರು.

ಕೊನೆಗೆ ಆ ಹುಡುಗನ ವಿಷಯ. ಮುಂದಿನ ವಾರ ಅವನ ತಾಯಿ ಬಾಲ್ಕನಿಯ ಕುಂಡದಿಂದ ಮೂರು ಮಲ್ಲಿಗೆ ಮೊಗ್ಗುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದರು. ಪಾಠ ಮುಗಿಯುವ ಹೊತ್ತಿಗೆ ಎರಡು ಅರೆಬಿರಿದಿದ್ದವು. ಅವನು ಅವನ್ನು ಅಪ್ಪನಿಗೆ ತೋರಿಸುತ್ತೇನೆ ಎಂದು ತೆಗೆದುಕೊಂಡು ಹೋದ. ನಿಮ್ಮ ಮನೆಯಲ್ಲೂ ಇವತ್ತು ರಾತ್ರಿ ಮಕ್ಕಳಿಗೆ ‘ಬಿರಿ’ ಎಂಬ ಪದ ಕೊಟ್ಟು ಎರಡು ವಾಕ್ಯ ಮಾಡಿಸಿ. ಮಕ್ಕಳು ಊರಿನಲ್ಲಿದ್ದರೆ ಫೋನಿನಲ್ಲಿ ಕೇಳಿ. ನಾಳೆ ಬೆಳಿಗ್ಗೆ ಕಂದಕಕ್ಕೆ ಇಳಿಯುವ ಮೊದಲು ಅದರ ಅಂಚನ್ನು ಒಮ್ಮೆ ನೋಡಿ. ಏನಾದರೂ ಕಂಡರೆ, ಯಾವ ಭಾಷೆಯಲ್ಲಾದರೂ ಸರಿ, ಜೋರಾಗಿ ಹೇಳಿ.